ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್ ಕೊಳ್ಳುವುದು ಹೇಗೆ: ತಣ್ಣನೆ ಇಂಜಿನ್‌ನಿಂದ ಶುರು ಮಾಡಿ

ಹಳೆಯ ಫೋರ್ ವೀಲ್ ಡ್ರೈವ್ ಕೊಂಡು ಕೆಲವೇ ತಿಂಗಳಿಗೆ ಇಂಜಿನ್ ಬಿಚ್ಚಿಸಿದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಯಾರೂ ಗಾಡಿ ನೋಡದೆ ಕೊಂಡವರಲ್ಲ. ನೋಡಿರುತ್ತಾರೆ, ಓಡಿಸಿರುತ್ತಾರೆ, ಗೊತ್ತಿರುವ ಒಬ್ಬರನ್ನು ಜೊತೆಗೂ ಕರೆದುಕೊಂಡು ಹೋಗಿರುತ್ತಾರೆ. ತಪ್ಪಿದ್ದು ಕ್ರಮದಲ್ಲಿ. ಮೊದಲು ಟೈರು, ಸೀಟು, ಮೇಲಿನ ಕ್ಯಾರಿಯರ್. ಆಮೇಲೆ ಒಂದು ರೌಂಡು. ಕೊನೆಗೆ ಬಾನೆಟ್. ಅಷ್ಟು ಹೊತ್ತಿಗೆ ಇಂಜಿನ್ ಬಿಸಿಯಾಗಿರುತ್ತದೆ, ಕೊಳ್ಳುವವರ ಮನಸ್ಸೂ ಕರಗಿರುತ್ತದೆ.

ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ) ಇರುವ ಡೀಸೆಲ್ ಇಂಜಿನ್ ತನ್ನ ಕಾಯಿಲೆ ಹೆಚ್ಚಾಗಿ ತೋರಿಸುವುದು ಎರಡು ಹೊತ್ತಿನಲ್ಲಿ. ಒಂದು, ಪೂರ್ತಿ ತಣ್ಣಗಿದ್ದಾಗ. ಇನ್ನೊಂದು, ಏರಿನಲ್ಲಿ ಜೋರಾಗಿ ಎಳೆಯುವಾಗ. ನಡುವೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಜೊತೆಗೆ ಏನೇನು ಬೇಕು

ಒಳ್ಳೆಯ ಟಾರ್ಚ್, ಬಿಳಿ ಟಿಶ್ಯೂ ಪೇಪರ್, ಕೈಗವಸು, ಕೆಳಗೆ ಮಲಗಲು ಹಳೆಯ ಚಾಪೆ, ಸಣ್ಣ ಸುತ್ತಿಗೆ. ಗಾಡಿಯ ಕಂಪ್ಯೂಟರ್‌ನಲ್ಲಿರುವ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ಒಂದು ಬೇಕೇ ಬೇಕು. ಮೊಬೈಲ್‌ಗೆ ಕನೆಕ್ಟ್ ಆಗುವ ಚಿಕ್ಕದಾದರೂ ಆಗುತ್ತದೆ, ಆದರೆ ಆ ಕಂಪನಿಯ ಡೀಸೆಲ್ ಇಂಜಿನ್‌ನ ವಿವರ ಓದುವ ಆ್ಯಪ್ ಹಾಕಿಕೊಂಡು ಹೋಗಿ. ಸುಮ್ನೆ ದೋಷದ ಕೋಡ್ ಮಾತ್ರ ತೋರಿಸುವ ಆ್ಯಪ್ ಅರ್ಧ ಕೆಲಸಕ್ಕೂ ಬರುವುದಿಲ್ಲ. ಜೊತೆಗೊಬ್ಬರು ಇರಲಿ. ನೀವು ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಹತ್ತಿರ ನಿಂತು ಹೊಗೆ ನೋಡುವವರು ಬೇಕಲ್ವಾ.

ಹಂತ 1: ಹೋಗುವ ಮೊದಲು ಇಂಜಿನ್ ಕೋಡ್ ತಿಳಿದುಕೊಳ್ಳಿ

ಗಾಡಿಯ ಹೆಸರು ಕೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಯಲ್ಲಿ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಇಂಜಿನ್ ಇರುತ್ತವೆ, ಒಂದೊಂದಕ್ಕೂ ಅದರದೇ ಕಾಯಿಲೆ. ಇಂಜಿನ್ ಕೋಡ್, ಅಂದರೆ ಕಂಪನಿ ಆ ಇಂಜಿನ್‌ಗೆ ಕೊಟ್ಟ ಹೆಸರು, ಗೊತ್ತಿದ್ದರೆ ಎಲ್ಲಿ ಟಾರ್ಚ್ ಬಿಡಬೇಕು ಅನ್ನುವುದು ಮೊದಲೇ ಗೊತ್ತಾಗುತ್ತದೆ.

ಟೊಯೊಟಾದ 3.0 ಲೀಟರ್ 1ಕೆಡಿ-ಎಫ್‌ಟಿವಿ ಹೈಲಕ್ಸ್, ಪ್ರಾಡೊ, ಫಾರ್ಚೂನರ್‌ಗಳಲ್ಲಿ ಬಂದದ್ದು. ಇದರಲ್ಲಿ ನೋಡಬೇಕಾದದ್ದು ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬುಡದ ವಾಷರ್. ಅದು ಲೀಕಾದರೆ ಉರಿದ ಗ್ಯಾಸು ಇಂಜಿನ್ ಆಯಿಲ್‌ಗೆ ಸೇರಿ ಮಸಿ ಗಟ್ಟಿಯಾಗುತ್ತದೆ. ಆ ಮಸಿ ಆಯಿಲ್ ಚೇಂಬರ್ ತಳದ ಜಾಲರಿಗೆ ಕಟ್ಟಿಕೊಂಡರೆ ಆಯಿಲ್ ಮೇಲೇರುವುದೇ ಇಲ್ಲ. ಒಂದು ಚಿಕ್ಕ ವಾಷರ್‌ನಿಂದ ಇಡೀ ಇಂಜಿನ್ ಹೋಗುವುದು ಹೀಗೆ. ಅದಕ್ಕಿಂತ ಹಿಂದಿನ 1ಕೆಜೆಡ್-ಟಿಇ ಆದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿರುಕು ಬಿಡುವ ಸ್ವಭಾವದ್ದು. ಅದರಲ್ಲಿ ಕೂಲಂಟ್ (ಇಂಜಿನ್ ತಣಿಸುವ ದ್ರವ) ಪರೀಕ್ಷೆಗೆ ಜಾಸ್ತಿ ಹೊತ್ತು ಕೊಡಿ.

ನಿಸ್ಸಾನ್ ಪ್ಯಾಟ್ರೋಲ್‌ನ 3.0 ಲೀಟರ್ ಜೆಡ್‌ಡಿ30 ಇಂಜಿನ್‌ನ ಆರಂಭದ ಗಾಡಿಗಳು ಪಿಸ್ಟನ್ ಸುಟ್ಟುಕೊಳ್ಳುವುದಕ್ಕೆ ಹೆಸರಾದವು. ನವಾರಾದ ವೈಡಿ25 ಇಂಜಿನ್‌ನಲ್ಲಿ, ಅದರಲ್ಲೂ ಡಿ40 ಮಾದರಿಯ ಮೊದಲ ವರ್ಷಗಳಲ್ಲಿ, ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಇಂಜಿನ್‌ನ ತಾಳಕ್ಕೆ ತಿರುಗಿಸುವ ಸರಪಳಿ) ಸಡಿಲವಾಗುತ್ತದೆ. ಲ್ಯಾಂಡ್ ರೋವರ್‌ನ ಟಿಡಿವಿ6ನಲ್ಲಿ ಕ್ರ್ಯಾಂಕ್‌ಶಾಫ್ಟ್ ತುಂಡಾದದ್ದುಂಟು. ಅದೇ ಕಂಪನಿಯ ಟಿಡಿ5ನಲ್ಲಿ ಇಂಜೆಕ್ಟರ್ ವೈರಿಂಗ್ ಒಳಗಿನಿಂದ ಆಯಿಲ್ ಏರಿ ಇಂಜಿನ್ ನಡೆಸುವ ಕಂಪ್ಯೂಟರ್ ತನಕ ಹೋಗುತ್ತದೆ. ಕಂಪ್ಯೂಟರ್‌ನ ಕೆಂಪು ಪ್ಲಗ್ ಬಿಚ್ಚಿದಾಗ ಒಳಗೆ ಆಯಿಲ್ ಕಂಡರೆ ಅದೇ ಗುರುತು.

ಹೆಸರು ಕೆಟ್ಟ ಇಂಜಿನ್ ಅಂದ ಮಾತ್ರಕ್ಕೆ ಗಾಡಿ ಬಿಟ್ಟುಬಿಡಬೇಕು ಅಂತಲ್ಲ. ಆ ಕೆಲಸ ಮಾಡಿಸಿದ ಬಿಲ್ ಇದ್ದರೆ, ಒಳ್ಳೆ ಹೆಸರಿನ ಇಂಜಿನ್ ಇದ್ದೂ ಒಂದೂ ಬಿಲ್ ಇಲ್ಲದ ಗಾಡಿಗಿಂತ ನಾನು ಅದನ್ನೇ ಆರಿಸುತ್ತೇನೆ.

ಟೈಮಿಂಗ್ ಬೆಲ್ಟೋ ಚೈನೋ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. 1ಕೆಡಿ, ಟಿಡಿವಿ6, ಮಿತ್ಸುಬಿಷಿಯ 4ಡಿ56 ಇವೆಲ್ಲ ಬೆಲ್ಟ್. ಮಿತ್ಸುಬಿಷಿಯದೇ 4ಎಂ41, ಇಸುಜುವಿನ 4ಜೆಜೆ1, ಟೊಯೊಟಾದ 1ಜಿಡಿ ಚೈನ್. ಬೆಲ್ಟ್ ಇಂಜಿನ್‌ಗೆ ಬದಲಿಸಿದ ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಮಾತಿಗೆ ಬೆಲೆ ಕೊಡಬೇಡಿ.

ಹಂತ 2: ಸ್ಟಾರ್ಟ್ ಮಾಡುವ ಮುಂಚೆ

ಮಾರುವವರಿಗೆ ಮೊದಲೇ ಹೇಳಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ತೆಗೆಸಿ ರೇಡಿಯೇಟರ್ ಮೇಲಿನ ಹೋಸ್ ಮುಟ್ಟಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಕ್ಯಾನರ್ ಹಾಕಿ ಕೀ ಆನ್ ಮಾಡಿದರೆ ಇನ್ನೂ ಖಚಿತ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕೂಲಂಟ್‌ನ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕೂಲಂಟ್ ಹತ್ತಿಪ್ಪತ್ತು ಡಿಗ್ರಿ ಮೇಲಿದ್ದರೆ ಯಾರೋ ಬೆಳಗ್ಗೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ.

ತಣ್ಣಗಿರುವುದು ಖಚಿತವಾದ ಮೇಲೆ ಮಾತ್ರ ಕೂಲಂಟ್ ಮುಚ್ಚಳ ತೆಗೆಯಿರಿ. ಬಿಸಿ ಇದ್ದಾಗ ತೆಗೆದರೆ ಮುಖಕ್ಕೆ ಹಾರುತ್ತದೆ. ಕೂಲಂಟ್‌ನ ಬಣ್ಣ ತಿಳಿಯಾಗಿರಬೇಕು. ತುಕ್ಕಿನ ಬಣ್ಣವಾದರೆ ಬರಿ ನೀರು ಹಾಕಿ ಓಡಿಸಿದ್ದಾರೆ. ಮೇಲೆ ಆಯಿಲ್ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಆಯಿಲ್ ಕೂಲರ್ರೋ ಹೋಗಿದೆ. ರಾತ್ರಿಯಿಂದ ನಿಂತ ಗಾಡಿಯ ಹೋಸ್ ಇನ್ನೂ ಬಿಗಿಯಾಗಿದ್ದು, ಮುಚ್ಚಳ ತಿರುಗಿಸಿದಾಗ ಪುಸ್ ಅಂದರೆ ಉರಿದ ಗ್ಯಾಸು ನೀರಿನ ದಾರಿಗೆ ಸೇರುತ್ತಿದೆ. ಇದು ದೊಡ್ಡ ಗುರುತು.

ಈಗ ಆಯಿಲ್ ಕಡ್ಡಿ. ಡೀಸೆಲ್ ಇಂಜಿನ್‌ನಲ್ಲಿ ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಕಪ್ಪಗಿದೆ ಅಂತ ಗಾಡಿ ಬಿಡುವುದು ತಪ್ಪು. ನೋಡಬೇಕಾದದ್ದು ಮಟ್ಟ, ಮಂದ ಮತ್ತು ವಾಸನೆ. ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ. ಮಟ್ಟ ಮೇಲಿನ ಗೆರೆ ದಾಟಿದ್ದು, ಮೂಗಿಗೆ ಹಿಡಿದಾಗ ಡೀಸೆಲ್ ವಾಸನೆ ಬಂದರೆ ಆಯಿಲ್‌ಗೆ ಡೀಸೆಲ್ ಇಳಿಯುತ್ತಿದೆ. ಡಿಪಿಎಫ್ (ಹೊಗೆಯ ಮಸಿ ಹಿಡಿದು ಸುಡುವ ಫಿಲ್ಟರ್) ಇರುವ ಗಾಡಿ ಬರೀ ಹತ್ತಿರದ ಓಡಾಟಕ್ಕೆ ಸಿಕ್ಕಿದ್ದರೆ ಹೀಗಾಗುತ್ತದೆ, ಇಂಜೆಕ್ಟರ್ ಸೋರಿದರೂ ಆಗುತ್ತದೆ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಲ್ಲಿಗೆ ಪರೀಕ್ಷೆ ನಿಲ್ಲಿಸಿ. ಕಡ್ಡಿಯಲ್ಲಿ ಸರಿಯಿದ್ದು ಮುಚ್ಚಳದ ಒಳಗಡೆ ಮಾತ್ರ ಸ್ವಲ್ಪ ಕೆನೆ ಬಣ್ಣದ ಜಿಡ್ಡಿದ್ದರೆ ಅದು ಚಳಿಯಲ್ಲಿ ಹತ್ತಿರ ಹತ್ತಿರ ಓಡಿಸಿದ್ದರಿಂದಲೂ ಬರಬಹುದು.

ಕೊನೆಗೆ ಇಂಜೆಕ್ಟರ್ ಬುಡ. ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ಟಾರ್ಚ್ ಬಿಡಿ. ಸುತ್ತ ಟಾರಿನಂಥ ಕಪ್ಪು ಗಟ್ಟಿ ಕೂತಿದ್ದರೆ ಅಲ್ಲಿಂದ ಗ್ಯಾಸು ಲೀಕಾಗುತ್ತಿದೆ. ಬಹಳ ಕಾಲ ಹೀಗೇ ಬಿಟ್ಟಿದ್ದರೆ ಇಂಜೆಕ್ಟರ್ ಹೊರಗೆ ತೆಗೆಯುವುದೇ ದೊಡ್ಡ ಕೆಲಸ.

ಹಂತ 3: ಮೊದಲ ಸೆಲ್ಫ್

ಇದು ಇಡೀ ಪರೀಕ್ಷೆಯ ಮುಖ್ಯ ಅರ್ಧ ನಿಮಿಷ. ಮೊದಲು ಜೊತೆಗಾರರನ್ನು ಸೈಲೆನ್ಸರ್ ಪಕ್ಕ ನಿಲ್ಲಿಸಿ. ಕೀ ಆನ್ ಮಾಡಿ ಗ್ಲೋ ಪ್ಲಗ್ (ತಣ್ಣನೆ ಸಿಲಿಂಡರ್ ಬಿಸಿ ಮಾಡುವ ಕಡ್ಡಿ) ದೀಪ ಆರುವವರೆಗೆ ಕಾಯಿರಿ. ಇಂಜಿನ್ ದೀಪ, ಆಯಿಲ್ ದೀಪ ಎರಡೂ ಕೀ ಆನ್ ಆದಾಗ ಹತ್ತಲೇಬೇಕು. ಹತ್ತದಿದ್ದರೆ ಬಲ್ಬ್ ತೆಗೆದಿದ್ದಾರೆ ಅಂತ ಅನುಮಾನಪಡಿ. ಆಕ್ಸಲರೇಟರ್ ಮುಟ್ಟದೆ ಸೆಲ್ಫ್ ಹೊಡೆಯಿರಿ.

ಒಂದೆರಡು ಸೆಕೆಂಡಿಗೆ ಹಿಡಿದುಕೊಳ್ಳಬೇಕು. ಎಳೆದೂ ಎಳೆದೂ ಹಿಡಿದರೆ ಗ್ಲೋ ಪ್ಲಗ್, ಸವೆದ ಇಂಜೆಕ್ಟರ್, ಡೀಸೆಲ್ ಲೈನಿಗೆ ಗಾಳಿ ಎಳೆಯುವುದು, ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತಿ ಹಿಡಿಯುವ ಶಕ್ತಿ) ಕಮ್ಮಿಯಾಗಿರುವುದು ಇವುಗಳಲ್ಲಿ ಯಾವುದೋ ಒಂದು. ಇಂಜಿನ್ ಹಿಡಿದುಕೊಂಡ ಮೇಲೆ ಆಯಿಲ್ ದೀಪ ತಕ್ಷಣ ಆರಬೇಕು.

ಹೊಗೆಯನ್ನು ಹೀಗೆ ಓದಿ:

- ಕಣ್ಣುರಿಸುವ ಬಿಳಿ ಹೊಗೆ, ಡೀಸೆಲ್ ವಾಸನೆ: ಡೀಸೆಲ್ ಉರಿಯದೆ ಬರುತ್ತಿದೆ. ಕೆಲವು ಸೆಕೆಂಡಿಗೆ ನಿಂತರೆ ಗ್ಲೋ ಪ್ಲಗ್ ಇರಬಹುದು. ಇಂಜಿನ್ ಬಿಸಿಯಾದರೂ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್.
- ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ, ನಿಲ್ಲುವುದೇ ಇಲ್ಲ: ಕೂಲಂಟ್ ಉರಿಯುತ್ತಿದೆ.
- ನೀಲಿ: ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ.
- ಕಪ್ಪು: ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಹೋಗುತ್ತಿದೆ.

ಚಳಿಯಲ್ಲಿ ಸೈಲೆನ್ಸರ್‌ನಿಂದ ಬರುವ ತೆಳು ಆವಿಯನ್ನು ಹೊಗೆ ಅಂತ ತಿಳಿಯಬೇಡಿ. ಅದು ಸ್ವಲ್ಪ ದೂರದಲ್ಲೇ ಮಾಯವಾಗುತ್ತದೆ. ಹೊಗೆ ಅಲ್ಲೇ ತೇಲಾಡುತ್ತದೆ.

ಇನ್ನು ಶಬ್ದ. ತಣ್ಣಗಿರುವ ಡೀಸೆಲ್ ಕಟಕಟ ಅನ್ನುವುದು ಸಹಜ, ಒಂದೇ ಸಮ ಇರಬೇಕು ಅಷ್ಟೇ. ಮುಂಭಾಗದಿಂದ ಸರಪಳಿ ಉಜ್ಜಿದ ಹಾಗೆ ಬರುತ್ತಲೇ ಇದ್ದರೆ ಟೈಮಿಂಗ್ ಚೈನ್. ಪುಸ್ ಪುಸ್ ಅಂತ ತಾಳಕ್ಕೆ ಬಂದರೆ ಇಂಜೆಕ್ಟರ್ ಬುಡದ ಲೀಕ್. ತಳದಿಂದ ಭಾರವಾದ ದಬ್ ದಬ್ ಬಂದು, ಆಕ್ಸಲರೇಟರ್ ಕೊಟ್ಟಾಗ ಜೋರಾದರೆ ಬೇರಿಂಗ್ ಹೋಗಿದೆ. ಅಂಥ ಗಾಡಿಯನ್ನು ಓಡಿಸಿ ನೋಡುವ ಅಗತ್ಯವೂ ಇಲ್ಲ.

ಎಚ್ಚರಿಕೆ: ತಣ್ಣನೆ ಇಂಜಿನ್ ರೇಸ್ ಮಾಡಬೇಡಿ, ಮಾಡಲು ಬಿಡಬೇಡಿ. ಟರ್ಬೊ ಸೀಲ್ ಹೋದ ಡೀಸೆಲ್ ಇಂಜಿನ್ ತನ್ನದೇ ಆಯಿಲ್ ಕುಡಿದು ತಾನಾಗಿ ರೇಸ್ ಆಗಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುವಲ್ ಗಾಡಿಯಾದರೆ ಬ್ರೇಕ್ ಬಲವಾಗಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬೇಕು. ಇಂಜಿನ್ ಹತ್ತಿರ ಯಾರೂ ನಿಲ್ಲಬಾರದು.

ಹಂತ 4: ಗಾಳಿಯ ದಾರಿ ಮತ್ತು ಟರ್ಬೊ

ಇಂಜಿನ್ ನಿಲ್ಲಿಸಿ. ಏರ್ ಫಿಲ್ಟರ್ ಡಬ್ಬಿ ತೆಗೆದು, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಬಿಳಿ ಟಿಶ್ಯೂ ಆಡಿಸಿ. ಫಿಲ್ಟರ್‌ನಲ್ಲಿ ಧೂಳಿದ್ದರೆ ಪರವಾಗಿಲ್ಲ, ಅದರ ಕೆಲಸವೇ ಅದು. ಫಿಲ್ಟರ್ ಆಚೆಗೆ ಟಿಶ್ಯೂಗೆ ಸಣ್ಣ ಧೂಳು ಹತ್ತಿದರೆ ಆ ಧೂಳು ಸಿಲಿಂಡರ್ ತನಕ ಹೋಗಿ ರಿಂಗ್ ಸವೆಸಿದೆ. ಕಾಡು ದಾರಿಯಲ್ಲಿ ಓಡಾಡಿದ ಗಾಡಿ ಸಾಯುವುದು ಬಹಳ ಸಲ ಹೀಗೆಯೇ. ಸ್ನಾರ್ಕಲ್ (ಎತ್ತರದಿಂದ ಇಂಜಿನ್‌ಗೆ ಗಾಳಿ ತರುವ ಕೊಳವೆ) ಹಾಕಿದ್ದರೆ ಅದರ ಒಂದೊಂದು ಜೋಡಣೆಯನ್ನೂ ನೋಡಿ. ನೋಡಲು ಚೆಂದವಿರುವ ಸ್ನಾರ್ಕಲ್ ಕೆಳಗೆ ಬರೀ ಟೇಪ್ ಸುತ್ತಿರುವುದುಂಟು.

ಅದೇ ಪೈಪ್ ಬಿಚ್ಚಿ ಟರ್ಬೊ ಚಕ್ರವನ್ನು ಬೆರಳಿನಿಂದ ಆಡಿಸಿ. ಪಕ್ಕಕ್ಕೆ ಕೂದಲೆಳೆ ಪ್ಲೇ ಇದ್ದರೆ ಸಹಜ. ಹಿಂದೆ ಮುಂದೆ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗೀರಿದ್ದರೆ ಟರ್ಬೊ ಮುಗಿದಿದೆ. ಪೈಪಿನಲ್ಲಿ ತೆಳು ಆಯಿಲ್ ಪಸೆ ಇರುವುದು ಮಾಮೂಲು. ಹನಿಯಾಗಿ ನಿಂತಿದ್ದರೆ ಅಲ್ಲ.

ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿ ತಣಿಸುವ ಜಾಲರಿ) ಹೋಸ್‌ಗಳನ್ನು ಒತ್ತಿ ನೋಡಿ. ಮಡಚಿದ ಕಡೆ ಆಯಿಲ್ ಮಸಿ ಕಂಡರೆ ಅಲ್ಲಿ ಸೀಳಿದೆ. ಇದು ಸಣ್ಣ ಖರ್ಚಿನ ಕೆಲಸ, ಚೌಕಾಸಿಗೆ ಒಳ್ಳೆಯ ಕಾರಣ.

ಸೈಲೆನ್ಸರ್ ಬಾಯಿಗೂ ಅದೇ ಟಿಶ್ಯೂ ಆಡಿಸಿ. ಡಿಪಿಎಫ್ ಸರಿಯಿರುವ ಗಾಡಿಯ ಸೈಲೆನ್ಸರ್ ಒಳಗೆ ಮಸಿ ಇರುವುದೇ ಇಲ್ಲ ಅನ್ನಬಹುದು. ಡಿಪಿಎಫ್ ಇರಬೇಕಾದ ಗಾಡಿಯಲ್ಲಿ ಟಿಶ್ಯೂ ಕಪ್ಪಾದರೆ ಅದು ಒಡೆದಿದೆ, ಇಲ್ಲವೇ ಒಳಗಿನದನ್ನು ಕಿತ್ತುಹಾಕಿದ್ದಾರೆ. ಹಾಗೆ ತೆಗೆದ ಗಾಡಿ ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತದೆ.

ಹಂತ 5: ಸ್ಕ್ಯಾನರ್

ಈಗ ಕಂಪ್ಯೂಟರ್‌ನಲ್ಲಿರುವ ಎಲ್ಲ ದೋಷದ ಕೋಡ್ ಓದಿ. ಒಂದೂ ಇಲ್ಲ ಅಂದರೆ ಖುಷಿಪಡುವ ಮುಂಚೆ "ಕೋಡ್ ಅಳಿಸಿದ ಮೇಲೆ ಓಡಿದ ದೂರ" ನೋಡಿ. ಅಲ್ಲಿ ನಾಲ್ಕೈದು ಕಿಲೋಮೀಟರ್ ಅಂತಿದ್ದರೆ ನೀವು ಬರುತ್ತೀರಿ ಅಂತಲೇ ಅಳಿಸಿದ್ದಾರೆ.

ಆಮೇಲೆ ಇಂಜೆಕ್ಟರ್ ಕರೆಕ್ಷನ್, ಅಂದರೆ ಇಂಜಿನ್ ಸಮವಾಗಿ ಓಡಲು ಕಂಪ್ಯೂಟರ್ ಒಂದೊಂದು ಸಿಲಿಂಡರ್‌ಗೆ ಡೀಸೆಲ್ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವ ಅಂಕಿ. ಎಲ್ಲ ಸಿಲಿಂಡರ್‌ನ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಗುಂಪಿನಿಂದ ದೂರ ನಿಂತಿದ್ದರೆ ಆ ಇಂಜೆಕ್ಟರ್ ಅಥವಾ ಆ ಸಿಲಿಂಡರ್ ದುರ್ಬಲ. ಕಾಮನ್ ರೈಲ್ ಇಂಜಿನ್‌ನಲ್ಲಿ (ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಹೈ ಪ್ರೆಷರ್ ಡೀಸೆಲ್ ಹೋಗುವಂಥದ್ದು) ಐಡಲಿಂಗ್‌ನಲ್ಲಿ ರೈಲ್ ಪ್ರೆಷರ್ ಸುಮಾರು 300 ಬಾರ್ ಆಸುಪಾಸು, ಜೋರಾಗಿ ಎಳೆಯುವಾಗ ಸಾವಿರ ದಾಟುತ್ತದೆ. ಅಂಕಿಗಿಂತ ಮುಖ್ಯವಾದದ್ದು, ಕಂಪ್ಯೂಟರ್ ಕೇಳಿದ ಪ್ರೆಷರ್‌ಗೂ ಸಿಕ್ಕ ಪ್ರೆಷರ್‌ಗೂ ಇರುವ ಅಂತರ. ಸಿಕ್ಕದ್ದು ಸದಾ ಹಿಂದುಳಿದರೆ ಪಂಪ್, ಫಿಲ್ಟರ್ ಅಥವಾ ಇಂಜೆಕ್ಟರ್.

ಮಾರುವವರು ಒಪ್ಪಿದರೆ ಡೀಸೆಲ್ ಫಿಲ್ಟರ್ ತೆಗೆಸಿ ನೋಡಿ. ತಳದಲ್ಲಿ ನೀರು ಕಂಡರೆ ಒಂದು ಮಟ್ಟಿಗೆ ಸಹಿಸಬಹುದು. ಹೊಳೆಯುವ ಲೋಹದ ಪುಡಿ ಕಂಡರೆ ಹೈ ಪ್ರೆಷರ್ ಪಂಪ್ ಒಳಗೊಳಗೇ ಸವೆಯುತ್ತಿದೆ. ಆ ಪುಡಿ ಇಂಜೆಕ್ಟರ್ ತನಕ ಹೋಗಿರುತ್ತದೆ. ಪಂಪ್ ಒಂದನ್ನೇ ಬದಲಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಂತ 6: ಏರು ಇರುವ ರಸ್ತೆಯಲ್ಲಿ ಅರ್ಧ ಗಂಟೆ

ಐದು ನಿಮಿಷದ ರೌಂಡ್ ವ್ಯರ್ಥ. ಒಂದು ಉದ್ದದ ಏರು ಹುಡುಕಿ. ಸ್ಕ್ಯಾನರ್ ತೆಗೆಯಬೇಡಿ, ಕೂಲಂಟ್ ಉಷ್ಣತೆ ಜೊತೆಗಾರರು ನೋಡುತ್ತಿರಲಿ. ಡ್ಯಾಶ್‌ಬೋರ್ಡ್‌ನ ಮುಳ್ಳನ್ನು ನಂಬಬೇಡಿ. ಬಹಳ ಗಾಡಿಗಳಲ್ಲಿ ಅದು ಉಷ್ಣತೆ ಸಾಕಷ್ಟು ಏರಿಳಿದರೂ ನಡುವಿನಲ್ಲೇ ನಿಂತಿರುವ ಹಾಗೆ ಮಾಡಿರುತ್ತಾರೆ. 85ರಿಂದ 95 ಡಿಗ್ರಿ ಸಹಜ. ಏರಿನಲ್ಲಿ ಸ್ವಲ್ಪ ಹೆಚ್ಚಿ ಆಮೇಲೆ ಇಳಿದರೆ ಸರಿ. ಇಳಿಯದೆ 105ರತ್ತ ಹೋಗುತ್ತಲೇ ಇದ್ದರೆ ಗಾಡಿ ನಿಲ್ಲಿಸಿ.

ಇಂಜಿನ್ ಬಿಸಿಯಾದ ಮೇಲೆ ಏರಿನಲ್ಲಿ, ಮೇಲಿನ ಗೇರ್‌ನಲ್ಲಿ, 1,500 ಆರ್‌ಪಿಎಂ ಸುಮಾರಿಗೆ ಪೂರ್ತಿ ಆಕ್ಸಲರೇಟರ್ ಕೊಡಿ. 2,000 ಮುಟ್ಟುವಷ್ಟರಲ್ಲಿ ಪಿಕಪ್ ತುಂಬಿಕೊಂಡು ಬರಬೇಕು. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಿಂದಿನ ಕನ್ನಡಿಯಲ್ಲಿ ಕಪ್ಪು ಮೋಡ ಕಂಡರೆ ಗಾಳಿ ಲೀಕ್ ಇದೆ, ಅಥವಾ ಪವರ್ ಹೆಚ್ಚಿಸಲು ಚಿಪ್ ಹಾಕಿಸಿದ್ದಾರೆ. ಎಳೆಯುತ್ತಾ ಎಳೆಯುತ್ತಾ ಇದ್ದಕ್ಕಿದ್ದಂತೆ ಶಕ್ತಿ ಸತ್ತು, ಕೀ ಆಫ್ ಮಾಡಿ ಆನ್ ಮಾಡಿದಾಗ ಮತ್ತೆ ಸರಿಯಾದರೆ ಅದು ಲಿಂಪ್ ಮೋಡ್, ಅಂದರೆ ದೋಷ ಕಂಡು ಕಂಪ್ಯೂಟರೇ ಶಕ್ತಿ ಇಳಿಸಿದೆ. ಬಹುಪಾಲು ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಕಟ್ಟಿರುತ್ತದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ಇಳಿಜಾರಿನಲ್ಲಿ ಗೇರ್‌ನಲ್ಲೇ ಬಿಟ್ಟು ಇಳಿಸಿ, ಕೆಳಗೆ ಬಂದ ಮೇಲೆ ಆಕ್ಸಲರೇಟರ್ ಕೊಡಿ. ಆಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್.

ಹಂತ 7: ಬಿಸಿ ಇಂಜಿನ್ ಮೇಲೆ ಎರಡು ಪರೀಕ್ಷೆ

ವಾಪಸ್ ಬಂದ ಮೇಲೆ ಐಡಲಿಂಗ್‌ನಲ್ಲೇ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಇಡಿ. ಸ್ವಲ್ಪ ಅಲುಗಾಡಿದರೆ ಸರಿ, ತೆಳು ಆವಿ ಬಂದರೂ ಸರಿ. ಮುಚ್ಚಳ ಎದ್ದು ಬಿದ್ದು ಹೊಗೆ ಬುಸುಬುಸು ಬಂದರೆ ರಿಂಗ್ ದಾಟಿ ಗ್ಯಾಸು ಇಳಿಯುತ್ತಿದೆ. ಅನುಮಾನ ಉಳಿದರೆ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ.

ಎರಡನೆಯದು: ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ತಣ್ಣಗಿದ್ದಾಗ ಹಿಡಿದ ಇಂಜಿನ್ ಬಿಸಿಯಲ್ಲಿ ಎಳೆದಾಡಿದರೆ ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರ್‌ನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್) ಜಾಸ್ತಿಯಾಗಿದೆ ಅಥವಾ ಪಂಪ್ ಸವೆದಿದೆ. ಬಿಸಿ ಡೀಸೆಲ್ ತೆಳುವಾಗಿ ಸಂದುಗಳಲ್ಲಿ ಸೋರಿಹೋಗುತ್ತದೆ, ಪ್ರೆಷರ್ ಕಟ್ಟುವುದಿಲ್ಲ.

ಹಂತ 8: ಫೋರ್ ವೀಲ್ ಮತ್ತು ತಳ

ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಬೇಡಿ. ಪಾರ್ಟ್ ಟೈಮ್ ಗಾಡಿಯಲ್ಲಿ (ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವಂಥದ್ದು) ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದುಕೊಂಡು, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟಾಗುತ್ತದೆ. ಮಣ್ಣು ಅಥವಾ ಜಲ್ಲಿ ನೆಲಕ್ಕೆ ಹೋಗಿ. 4ಎಚ್ (ಫೋರ್ ವೀಲ್ ಹೈ) ಹಾಕಿ ನೇರ ಓಡಿಸಿ. ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 4ಎಲ್ (ಫೋರ್ ವೀಲ್ ಲೋ) ಹಾಕಿ. ಸುಲಭವಾಗಿ ಕೂರಬೇಕು, ಎಳೆಯುವಾಗ ಹೊರಗೆ ಹಾರಬಾರದು. ದೀಪ ಹತ್ತಿತು ಅಂತ ಬಿಡಬೇಡಿ. ಮುಂದಿನ ಚಕ್ರಗಳು ನಿಜವಾಗಿ ಎಳೆಯುತ್ತಿವೆಯಾ ಅಂತ ಹೊರಗೆ ನಿಂತವರು ನೋಡಿ ಹೇಳಲಿ.

ತಳದಲ್ಲಿ ಮೊದಲು ಚಾಸಿ. ಸ್ಪ್ರಿಂಗ್ ಕೂರುವ ಜಾಗ, ಬಾಡಿ ಕೂರುವ ಜಾಗ, ಹಿಂದಿನ ತುದಿ, ಎಲ್ಲ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಕೇಳುತ್ತದೆ. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಜಾಸ್ತಿ ತಟ್ಟಿ. ಡಿಫರೆನ್ಷಿಯಲ್ (ಎರಡು ಚಕ್ರಗಳ ನಡುವಿನ ಗೇರ್ ಡಬ್ಬಿ) ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಆಳದ ನೀರಿಗೆ ಇಳಿದಿದೆ. ಆಗ ಸೀಟ್ ಹಳಿ ಕೆಳಗೆ, ಹೆಡ್‌ಲೈಟ್ ಒಳಗೆ ಕೆಸರಿನ ಗುರುತನ್ನೂ ಹುಡುಕಿ. ಪ್ರೊಪೆಲ್ಲರ್ ಶಾಫ್ಟ್ ಕೈಯಿಂದ ತಿರುಚಿ ಅದರ ತುದಿಯ ಜೋಡಣೆಯಾದ ಕ್ರಾಸ್ ಸಡಿಲವಿದೆಯಾ ನೋಡಿ. ಎಕ್ಸೆಲ್ ಜೋಡಣೆಯ ರಬ್ಬರ್ ಬೂಟ್ ಹರಿದಿದೆಯಾ, ನಾಲ್ಕೂ ಟೈರ್ ಒಂದೇ ಅಳತೆಯಾ ಅಂತ ನೋಡಿದರೆ ಇಲ್ಲಿಗೆ ಸಾಕು.

ಹಂತ 9: ಕಾಗದ, ಆಮೇಲೆ ಮಾತುಕತೆ

ಮೀಟರ್ ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಸರ್ವಿಸ್ ಬಿಲ್‌ಗಳ ದಿನಾಂಕ, ಕಿಲೋಮೀಟರ್ ಸಾಲಾಗಿ ಹೊಂದಬೇಕು. ಪೆಡಲ್ ರಬ್ಬರ್ ನಯವಾಗಿ ಸವೆದು, ಸ್ಟೀರಿಂಗ್ ಹೊಳೆಯುತ್ತಿದ್ದು, ಮೀಟರ್ ಮಾತ್ರ ಕಮ್ಮಿ ತೋರಿಸಿದರೆ ಅನುಮಾನಪಡಿ. ಇಂಜಿನ್ ನಂಬರ್, ಚಾಸಿ ನಂಬರ್ ಕಾಗದಕ್ಕೆ ತಾಳೆಯಾಗಲಿ. ಸಾಲ ಬಾಕಿ ಇದೆಯಾ, ಕಂಪನಿಯ ರೀಕಾಲ್ ಕೆಲಸ ಬಾಕಿ ಇದೆಯಾ ವಿಚಾರಿಸಿ.

ಟೈಮಿಂಗ್ ಬೆಲ್ಟ್, ಕ್ಲಚ್, ಇಂಟರ್‌ಕೂಲರ್ ಹೋಸ್, ಇಂಜೆಕ್ಟರ್ ವಾಷರ್ ಇವು ಬೆಲೆ ಇಳಿಸಿ ಕೊಳ್ಳಬಹುದಾದ ದೋಷ. ನೀರು ಸೇರಿದ ಆಯಿಲ್, ಬೇರಿಂಗ್ ಶಬ್ದ, ಬುಸುಬುಸು ಹೊಗೆ, ಪಂಪ್‌ನ ಲೋಹದ ಪುಡಿ, ಚಾಸಿ ತುಕ್ಕು ಇವುಗಳಲ್ಲಿ ಒಂದಿದ್ದರೂ ಎಷ್ಟು ಇಳಿಸಿದರೂ ಬೇಡ. ತಣ್ಣನೆ ಸ್ಟಾರ್ಟ್‌ಗೆ ಅವಕಾಶ ಕೊಡದ ಗಾಡಿಯೂ ಅಷ್ಟೇ.

ಹಂತ 10: ಕೊಂಡ ಮೊದಲ ವಾರ

ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಆಯಿಲ್ ಬದಲಿಸಿ. ಕೂಲಂಟ್, ಎಲ್ಲ ಫಿಲ್ಟರ್‌ಗಳೂ ಹೊಸದಾಗಲಿ. ಬೆಲ್ಟ್ ಬಿಲ್ ಇಲ್ಲದಿದ್ದರೆ ಅದನ್ನೂ ಈಗಲೇ ಮುಗಿಸಿ. ಡಿಪಿಎಫ್ ಇದ್ದರೆ ಅದಕ್ಕೆ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿ. ಫೋರ್ಡ್ ರೇಂಜರ್‌ನ 3.2 ಐದು ಸಿಲಿಂಡರ್ ಇಂಜಿನ್ ಆಗಿದ್ದರೆ ಆಯಿಲ್ ಬಸಿದು ಬಹಳ ಹೊತ್ತು ಖಾಲಿ ಬಿಡಬೇಡಿ. ಪಂಪ್ ಖಾಲಿಯಾದರೆ ಮತ್ತೆ ಆಯಿಲ್ ಎಳೆಯದೆ ಇಂಜಿನ್ ಕೆಡುತ್ತದೆ.

ಹಳೆಯ ಇಂಜಿನ್ ಆಯಿಲ್ ಬಸಿಯುವಾಗ ನಡುವಿನ ಧಾರೆಯಿಂದ ಒಂದು ಚಿಕ್ಕ ಬಾಟಲಿಯಷ್ಟು ಹಿಡಿದು ಲ್ಯಾಬ್‌ಗೆ ಕಳಿಸಿ. ಸಿಲಿಕಾನ್ ಜಾಸ್ತಿ ಬಂದರೆ ಧೂಳು ಒಳಗೆ ಹೋಗುತ್ತಿದೆ. ಕಬ್ಬಿಣ ಜಾಸ್ತಿ ಬಂದರೆ ಸಿಲಿಂಡರ್ ಸವೆತ, ತಾಮ್ರ ಮತ್ತು ಸೀಸ ಜಾಸ್ತಿ ಬಂದರೆ ಬೇರಿಂಗ್. ಸೋಡಿಯಂ ಅಥವಾ ಪೊಟ್ಯಾಸಿಯಂ ಬಂದರೆ ಕೂಲಂಟ್ ಸೇರುತ್ತಿದೆ. ಮುಂದಿನ ಆಯಿಲ್ ಚೇಂಜ್‌ಗೂ ಇದನ್ನೇ ಮಾಡಿ, ಎರಡೂ ವರದಿ ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ಮಾಲೀಕರ ಕಾಲದಲ್ಲಿ ಆದ ಸವೆತ ಯಾವುದು, ಈಗಲೂ ಆಗುತ್ತಿರುವುದು ಯಾವುದು ಅಂತ ಆಗ ಬೇರೆ ಬೇರೆಯಾಗಿ ಕಾಣುತ್ತದೆ.